ದ್ವೀಪಪಕ್ಷಿಗಳ ವಿಲಕ್ಷಣ ಚರ್ಯೆ: ಕಾಶಿಯ ಗಂಗಾತೀರದಿಂದ ಒಂದು ಸಮೀಕ್ಷೆ

ಭೂಖಂಡಗಳ ಸಂಪರ್ಕವಿಲ್ಲದೆ ಯುಗಯುಗಾಂತರಗಳಿಂದ ಮಹಾಸಾಗರದ ನಡುವೆ ಏಕಾಂತವಾಸ ಮಾಡಿದ ಉಷ್ಣವಲಯದ ದ್ವೀಪಗಳಿಗೆ ಮೊದಮೊದಲು ಕಾಲಿಟ್ಟ ನಾವಿಕರು ಬರೆದಿಟ್ಟಿರುವ ದಿನಚರಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಬರುತ್ತದೆ. ಅದೆಂದರೆ, ಅಲ್ಲಿಯ ಪಕ್ಷಿಗಳು ತಾವು ಬಲ್ಲ ಪಕ್ಷಿಗಳಂತೆ ನಡೆದುಕೊಳ್ಳುವುದಿಲ್ಲವೆಂಬುದು. ಮನುಷ್ಯನನ್ನು ಕಂಡು ದೂರ ಸರಿಯಬೇಕಾದವು ಹತ್ತಿರ ಬರುತ್ತವೆ. ರೆಕ್ಕೆಗಳಿದ್ದೂ ಕೆಲವು ಹಾರುವುದನ್ನೇ ಮರೆತಿವೆ. ಕಾಳು ತಿನ್ನುವ ಕುಲದಲ್ಲಿ ಹುಟ್ಟಿದವು ರಕ್ತ ಹೀರುತ್ತವೆ. ಗೂಡನ್ನೇ ಕಟ್ಟದೆ ಬರಿಯ ಕೊಂಬೆಯ ಮೇಲೆ ಮೊಟ್ಟೆಯಿಡುವವುಂಟು, ಇಟ್ಟ ಮೊಟ್ಟೆಗೆ ಮೈಯ ಕಾವನ್ನೇ ಕೊಡದವುಂಟು. ಇವುಗಳನ್ನು ಒಂದೊಂದಾಗಿ ಕೇಳಿದಾಗ ಪ್ರವಾಸಿಗಳು ಬಣ್ಣ ಕಟ್ಟಿ ಹೇಳಿದ ಕಥೆಗಳಂತೆ ತೋರುವುದಾದರೂ, ಒಟ್ಟಿಗೆ ಇಟ್ಟು ಪರಿಶೀಲಿಸಿದರೆ ಇವೆಲ್ಲಕ್ಕೂ ಒಂದೇ ಸೂತ್ರವಿರುವುದು ಗೋಚರವಾಗುತ್ತದೆ.

ಸಮುದ್ರದಿಂದ ನೂರಾರು ಮೈಲಿ ಒಳಗಿರುವ ಕಾಶಿಯಲ್ಲಿ ಕುಳಿತು ದ್ವೀಪಗಳ ವಿಚಾರವನ್ನೆತ್ತುವುದು ಅಪ್ರಸ್ತುತವೆಂದು ಕೆಲವರಿಗಾದರೂ ತೋರಬಹುದು. ಆದರೆ ಕಾರ್ತಿಕ ಕಳೆದು ಚಳಿ ಬಲಿಯತೊಡಗಿದೊಡನೆ ಇಲ್ಲಿಯ ಗಂಗೆಯ ಮೇಲೆ ಬಂದಿಳಿಯುವ ಕಡಲಕ್ಕಿಗಳು, ಎಂದರೆ ಗಲ್ ಹಕ್ಕಿಗಳು, ಮನುಷ್ಯನ ಕೈಯಳತೆಗೆ ಬಂದು ಹಾರಾಡುವುದನ್ನು ಕಂಡವರಿಗೆ ಆ ನಾವಿಕರ ವಿಸ್ಮಯವು ಅಪರಿಚಿತವಾಗಿ ಉಳಿಯುವುದಿಲ್ಲ. ಅಲ್ಲದೆ, ಘಾಟುಗಳಿಗೆ ಎದುರಾಗಿ ಪೂರ್ವದ ದಡದಲ್ಲಿ ಮಳೆಗಾಲದ ನೀರು ಇಳಿದಂತೆ ಮೇಲೇಳುವ ಮರಳು ಹರಹು ನದಿಯ ಪಕ್ಷಿಗಳ ಪಾಲಿಗೆ ಒಂದು ಬಗೆಯ ದ್ವೀಪವೇ ಸರಿ. ದ್ವೀಪವು ಪಕ್ಷಿಯ ಸ್ವಭಾವವನ್ನು ಹೇಗೆ ತಿದ್ದುತ್ತದೆ, ಆ ತಿದ್ದುಪಡಿ ಹುಟ್ಟಿನಿಂದ ಬಂದುದೋ ಕಲಿತು ಬಂದುದೋ, ಅದರಿಂದ ಪಕ್ಷಿಗೆ ಒದಗುವ ಲಾಭವೇನು, ವಿಪತ್ತೇನು ಎಂಬ ಪ್ರಶ್ನೆಗಳನ್ನು ದೂರದ ಸಾಗರದಿಂದ ಆರಂಭಿಸಿ ಈ ತೀರಕ್ಕೆ ತಂದು ನಿಲ್ಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದಾಗಿ ನಿರ್ಭೀತಿಯನ್ನು ಕುರಿತು ಹೇಳಬೇಕು. 1835ರಲ್ಲಿ ಗ್ಯಾಲಪಗೋಸ್ ದ್ವೀಪಗಳಿಗೆ ಹೋಗಿದ್ದ ಚಾರ್ಲ್ಸ್ ಡಾರ್ವಿನ್ನನು, ಕೊಂಬೆಯ ಮೇಲೆ ಕುಳಿತಿದ್ದ ಗಿಡುಗವೊಂದನ್ನು ಬಂದೂಕಿನ ನಳಿಗೆಯ ತುದಿಯಿಂದ ನೂಕಿದುದನ್ನೂ, ತಾನು ನೆಲದ ಮೇಲೆ ಒರಗಿದ್ದಾಗ ಆಮೆಯ ಚಿಪ್ಪಿನಿಂದ ಮಾಡಿದ ನೀರಿನ ಪಾತ್ರೆಯ ಅಂಚಿನ ಮೇಲೆ ಮಾಕಿಂಗ್‌ಬರ್ಡ್ ಎಂಬ ಹಕ್ಕಿಯೊಂದು ಬಂದು ಕುಳಿತು, ಪಾತ್ರೆಯನ್ನು ಕೈಯಲ್ಲಿ ಎತ್ತಿದರೂ ಕದಲದೆ ನೀರು ಕುಡಿದುದನ್ನೂ ದಾಖಲಿಸಿದ್ದಾನೆ. ಇದಕ್ಕಿಂತ ಕರುಣಾಜನಕವಾದ ವೃತ್ತಾಂತ ಮಾರಿಷಸ್ ದ್ವೀಪದ ಡೋಡೋ ಪಕ್ಷಿಯದು. 1598ರಲ್ಲಿ ಡಚ್ಚರು ಆ ದ್ವೀಪಕ್ಕೆ ಬಂದಿಳಿದ ಮೇಲೆ ಒಂದು ಶತಮಾನವೂ ತುಂಬುವ ಮೊದಲೇ ಅದು ಭೂಮಿಯಿಂದ ಅಳಿದುಹೋಯಿತು. 1662ರಲ್ಲಿ ಹಡಗೊಡೆದು ಅಲ್ಲಿಗೆ ಸೇರಿದ ಫೋಲ್ಕೆರ್ಟ್ ಎವೆರ್ಟ್ಸ್ ಎಂಬವನು ದಡದ ಸಮೀಪದ ಕಿರುದ್ವೀಪವೊಂದರಲ್ಲಿ ಉಳಿದಿದ್ದ ಡೋಡೋಗಳನ್ನು ಕಂಡನು; ಒಂದರ ಕಾಲನ್ನು ಹಿಡಿದೊಡನೆ ಅದು ಕೂಗಿತೆಂದೂ, ಆ ಕೂಗಿಗೆ ಇತರ ಪಕ್ಷಿಗಳು ಅದರ ನೆರವಿಗೆಂದು ಓಡಿಬಂದು ತಾವೂ ಸೆರೆಸಿಕ್ಕವೆಂದೂ ಅವನ ವರದಿ ಹೇಳುತ್ತದೆ. ಈ ನತದೃಷ್ಟ ಪಕ್ಷಿಗೂ ನಮ್ಮ ದೇಶಕ್ಕೂ ನಂಟಿಲ್ಲದೆ ಇಲ್ಲ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ, ಸುಮಾರು 1625ರ ಡೋಡೋ ಚಿತ್ರವು ಆ ಪಕ್ಷಿಯನ್ನು ಜೀವಂತವಾಗಿ ನೋಡಿ ಬರೆದ ಕೆಲವೇ ಚಿತ್ರಗಳಲ್ಲಿ ಒಂದೆಂದು ತಜ್ಞರ ಅಭಿಪ್ರಾಯ. ಅದೇ ಕಾಲದ ಆಂಗ್ಲ ಪ್ರವಾಸಿ ಪೀಟರ್ ಮಂಡಿಯು ಸೂರತ್ತಿನಲ್ಲಿ ಎರಡು ಡೋಡೋಗಳನ್ನು ಕಂಡುದಾಗಿ ಬರೆದಿದ್ದಾನೆ. 1834ರಿಂದ ಭೋಜಪುರಿ ಸೀಮೆಯ ಸಾವಿರಾರು ಮಂದಿ ಕೂಲಿಯಾಳುಗಳಾಗಿ ಮಾರಿಷಸ್ಸಿಗೆ ತೆರಳಿ, ಅಲ್ಲಿಯ ಸರೋವರವೊಂದನ್ನು ಗಂಗಾ ತಲಾವ್ ಎಂದು ಕರೆದು ಪೂಜಿಸತೊಡಗುವ ಹೊತ್ತಿಗೆ ಡೋಡೋ ಅಳಿದು ಸುಮಾರು ಎರಡು ಶತಮಾನಗಳೇ ಕಳೆದಿದ್ದವು.

ಈ ನಿರ್ಭೀತಿಯನ್ನು ಮೂಢತನವೆಂದು ಕರೆದ ಹಳೆಯ ನಾವಿಕರ ತೀರ್ಪನ್ನು ವಿಜ್ಞಾನವು ಎತ್ತಿಹಿಡಿಯಲಿಲ್ಲ. ಓಡಿಹೋಗುವುದಕ್ಕೂ ಒಂದು ಬೆಲೆಯುಂಟು: ತಿನ್ನುತ್ತಿದ್ದ ಆಹಾರ ಕೈಬಿಡುತ್ತದೆ, ಕಾವು ಕೊಡುತ್ತಿದ್ದ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಮೈಯ ಕಸುವು ವ್ಯಯವಾಗುತ್ತದೆ. ಬೆಕ್ಕು, ನರಿ, ಮುಂಗುಸಿಗಳಿರುವ ನಾಡಿನಲ್ಲಿ ಈ ವ್ಯಯವು ಪ್ರಾಣಕ್ಕೆ ತೆತ್ತ ಸುಂಕವಾದುದರಿಂದ ಸಾರ್ಥಕ. ಅಂತಹ ಶತ್ರುಗಳೇ ಇಲ್ಲದ ದ್ವೀಪದಲ್ಲಿ ಅದು ಕೇವಲ ನಷ್ಟ. ಆದುದರಿಂದ ತಲೆಮಾರುಗಳು ಕಳೆದಂತೆ ಅಲ್ಲಿ ಅಂಜುಬುರುಕ ಪಕ್ಷಿಗಿಂತ ಅಂಜದ ಪಕ್ಷಿಯೇ ಹೆಚ್ಚು ಮರಿಗಳನ್ನು ಬೆಳೆಸುತ್ತದೆ. 2014ರಲ್ಲಿ ವಿಲಿಯಂ ಕೂಪರ್ ಮತ್ತು ಅವರ ಸಂಗಡಿಗರು 66 ಜಾತಿಯ ಹಲ್ಲಿಗಳನ್ನು ಹೋಲಿಸಿ ನೋಡಿ, ದ್ವೀಪವು ಭೂಖಂಡದಿಂದ ದೂರವಾದಷ್ಟೂ ಪ್ರಾಣಿಯು ವೈರಿಯನ್ನು ಹೆಚ್ಚು ಹತ್ತಿರಕ್ಕೆ ಬರಗೊಡುತ್ತದೆಂದು ತೋರಿಸಿದರು. ನಾವಿಕರು ಕಂಡುದು ಹಕ್ಕಿಗಳಲ್ಲಾದರೂ ನಿಯಮವು ಹಕ್ಕಿಗಳಿಗಷ್ಟೇ ಸೀಮಿತವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಆಯವ್ಯಯದ ಮುಂದಿನ ಹೆಜ್ಜೆ ಹಾರಾಟದ ತ್ಯಾಗ. ಹಾರಲು ಬೇಕಾದ ಎದೆಯ ಸ್ನಾಯುಗಳನ್ನು ಪೋಷಿಸುವುದು ದೇಹಕ್ಕೆ ದುಬಾರಿಯ ಕೆಲಸ. ಓಡಿಹೋಗುವ ಅಗತ್ಯ ಕಡಿಮೆಯಾದಂತೆ ಆ ಸ್ನಾಯುಗಳು ಕಿರಿದಾಗಿ ಕಾಲುಗಳು ಉದ್ದವಾಗುವ ಪ್ರವೃತ್ತಿಯನ್ನು, ಇನ್ನೂ ಹಾರಬಲ್ಲ ದ್ವೀಪಪಕ್ಷಿಗಳಲ್ಲಿ ಕೂಡ, 2016ರಲ್ಲಿ ನತಾಲಿ ರೈಟ್ ಮತ್ತು ಸಹೋದ್ಯೋಗಿಗಳು ಅಳೆದು ತೋರಿಸಿದ್ದಾರೆ. ಹಿಂದೂಮಹಾಸಾಗರದ ಅಲ್ಡಾಬ್ರ ಹವಳದ್ವೀಪದ ನಿದರ್ಶನವಂತೂ ಅತ್ಯಂತ ಸೋಜಿಗದ್ದು. ಮಡಗಾಸ್ಕರಿನಿಂದ ಹಾರಿಬಂದ ಹುಂಡುಕೋಳಿಯ ಬಳಗದ ಹಕ್ಕಿಯೊಂದು ಅಲ್ಲಿ ನೆಲೆಸಿ ಹಾರಾಟವನ್ನು ಬಿಟ್ಟಿತು. ಸುಮಾರು 1,36,000 ವರ್ಷಗಳ ಹಿಂದೆ ಸಮುದ್ರವೇರಿ ದ್ವೀಪವು ಮುಳುಗಿದಾಗ, ಹಾರಲಾರದ ಆ ಸಂತತಿ ನಿಶ್ಶೇಷವಾಯಿತು. ಮುಂದೆ ನೀರು ಇಳಿದು ನೆಲ ಮೇಲೆದ್ದ ಮೇಲೆ ಅದೇ ಮಡಗಾಸ್ಕರಿನ ಮೂಲಜಾತಿ ಮತ್ತೊಮ್ಮೆ ಬಂದು ನೆಲೆಸಿ ಮತ್ತೊಮ್ಮೆ ಹಾರಾಟವನ್ನು ತೊರೆಯಿತು. ಪಳೆಯುಳಿಕೆಗಳನ್ನು ಪರಿಶೀಲಿಸಿ ಜೂಲಿಯನ್ ಹ್ಯೂಮ್ ಮತ್ತು ಡೇವಿಡ್ ಮಾರ್ಟಿಲ್ ಇದನ್ನು ಪ್ರಕಟಿಸಿದುದು 2019ರಲ್ಲಿ. ಒಂದೇ ಸ್ಥಳವು ಒಂದೇ ಕುಲಕ್ಕೆ ಒಂದೇ ಪಾಠವನ್ನು ಎರಡು ಸಲ ಕಲಿಸಿತೆಂದಮೇಲೆ, ಆ ವಿಲಕ್ಷಣತೆಯನ್ನು ಪಕ್ಷಿಯ ಗುಣವೆನ್ನುವುದಕ್ಕಿಂತ ಸ್ಥಳಮಹಿಮೆಯೆನ್ನುವುದೇ ಯುಕ್ತ.

ಆಹಾರದ ವಿಚಾರದಲ್ಲಿಯೂ ಈ ಸ್ಥಳಮಹಿಮೆ ಬಗೆಬಗೆಯಾಗಿ ಪ್ರಕಟವಾಗುತ್ತದೆ. ಗ್ಯಾಲಪಗೋಸಿನ ವುಲ್ಫ್ ಮತ್ತು ಡಾರ್ವಿನ್ ಎಂಬ ಎರಡು ಒಂಟಿ ದ್ವೀಪಗಳಲ್ಲಿ ಸಿಹಿನೀರು ದುರ್ಲಭ, ಮಳೆಯಿಲ್ಲದ ಕಾಲದಲ್ಲಿ ಕಾಳುಕಡ್ಡಿಗಳು ಇನ್ನೂ ದುರ್ಲಭ; ಅಲ್ಲಿಯ ಒಂದು ಜಾತಿಯ ಫಿಂಚ್ ಹಕ್ಕಿ ಬೂಬಿಯೆಂಬ ದೊಡ್ಡ ಕಡಲಪಕ್ಷಿಯ ಬೆನ್ನಿಗೆ ಬಂದು, ಗರಿಯ ಬುಡವನ್ನು ಚೂಪಾದ ಕೊಕ್ಕಿನಿಂದ ಕುಕ್ಕಿ, ಒಸರುವ ರಕ್ತವನ್ನು ಕುಡಿಯುತ್ತದೆ. ಪೂರ್ವದಲ್ಲಿ ಬೂಬಿಯ ಮೈಮೇಲಿನ ಉಣ್ಣೆಗಳನ್ನು ಹೆಕ್ಕಿ ತಿನ್ನುತ್ತಿದ್ದ ಅಭ್ಯಾಸವೇ ಹೀಗೆ ಬೆಳೆದಿರಬೇಕೆಂದು ಊಹೆಯುಂಟು. ನ್ಯೂ ಕ್ಯಾಲಿಡೋನಿಯದ ಕಾಗೆ ಕಡ್ಡಿಯನ್ನು ಕೊಕ್ಕೆಯಾಗಿ ತಿದ್ದಿ, ಮರದ ಸಂದಿನೊಳಗಿನ ಹುಳುವನ್ನು ಎಳೆದು ತೆಗೆಯುತ್ತದೆ. ಇನ್ನು ಫ್ರಿಗೇಟ್ ಹಕ್ಕಿಯು ಕಡಲಿನಲ್ಲಿಯೇ ಬಾಳುವುದಾದರೂ ಅದರ ಗರಿಗಳು ನೀರಿನಲ್ಲಿ ತೊಯ್ದು ಭಾರವಾಗುವುದರಿಂದ ಅಲೆಯ ಮೇಲೆ ಕೂರಲಾರದು. 2016ರಲ್ಲಿ ನೀಲ್ಸ್ ರಾಟೆನ್‌ಬೋರ್ಗ್ ಮತ್ತು ಸಂಗಡಿಗರು ಅದರ ತಲೆಗೆ ಪುಟ್ಟ ಯಂತ್ರವನ್ನು ಕಟ್ಟಿ ಪರೀಕ್ಷಿಸಿದಾಗ, ಆಹಾರವನ್ನರಸಿ ಹತ್ತು ದಿನದವರೆಗೆ ಎಡೆಬಿಡದೆ ಹಾರುವ ಆ ಹಕ್ಕಿಯು ಆಕಾಶದಲ್ಲಿಯೇ ದಿನಕ್ಕೆ ಸುಮಾರು 42 ನಿಮಿಷ ಮಾತ್ರ, ಅದೂ ತುಣುಕುತುಣುಕಾಗಿ, ನಿದ್ರಿಸುವುದು ಕಂಡುಬಂದಿತು.

ಸಂತಾನಪಾಲನೆಯ ಪ್ರಕರಣ ಇದಕ್ಕಿಂತ ವಿಸ್ತಾರವಾದುದು. ಅದರ ಉತ್ತಮ ನಿದರ್ಶನಗಳು ನಮ್ಮ ದೇಶದ ದ್ವೀಪಗಳಲ್ಲಿಯೇ ದೊರೆಯುತ್ತವೆ. ನಿಕೋಬಾರಿನ ಮೆಗಪೋಡ್ ಎಂಬ ನೆಲಗೋಳಿ ಕಡಲ ದಡದ ಸಮೀಪದ ಕಾಡಿನಲ್ಲಿ ಮರಳನ್ನೂ ತರಗೆಲೆಗಳನ್ನೂ ಕಾಲಿನಿಂದ ಕೆದಕಿ ರಾಶಿಹಾಕಿ, ಆ ದಿಬ್ಬದೊಳಗೆ ಮೊಟ್ಟೆಯನ್ನು ಹುಗಿದುಬಿಡುತ್ತದೆ. ಎಲೆ ಕೊಳೆಯುವಾಗ ಹುಟ್ಟುವ ಶಾಖವೇ ಮೊಟ್ಟೆಗೆ ಕಾವು. ತಕ್ಕ ಕಾಲಕ್ಕೆ ಮರಿಯು ಒಳಗಿನಿಂದಲೇ ಮಣ್ಣನ್ನು ಬಗಿದು ಮೇಲೆ ಬರುತ್ತದೆ. ಆಗಲೇ ಅದಕ್ಕೆ ಗರಿ ಬಲಿತಿರುತ್ತದೆ, ತಾಯಿತಂದೆಗಳ ಮುಖವನ್ನು ಅರಿಯದೆಯೇ ಅದು ಕಾಡಿಗೆ ನಡೆದುಹೋಗುತ್ತದೆ. ಈ ಪಕ್ಷಿಯನ್ನು ವರ್ಷಗಟ್ಟಲೆ ಅಭ್ಯಸಿಸಿದ ರವಿ ಶಂಕರನ್ ಮತ್ತು ಅವರ ಸಂಗಡಿಗರು, 2004ರ ಸುನಾಮಿಯು ದಡದ ದಿಬ್ಬಗಳನ್ನು ಕೊಚ್ಚಿಕೊಂಡು ಹೋದ ಮೇಲೆ ಅದರ ಸಂಖ್ಯೆ ನೂರಕ್ಕೆ ಸುಮಾರು ಎಪ್ಪತ್ತರಷ್ಟು ಕುಸಿದುದನ್ನು ಕಂಡರು.  

ನಮ್ಮ ಕನ್ನಡ ಕರಾವಳಿಯೂ ಈ ಪ್ರಕರಣಕ್ಕೆ ಹೊರತಲ್ಲ. ಮುರುಡೇಶ್ವರದ ಎದುರಿಗೆ ಕಡಲ ನಡುವೆ ನಿಂತಿರುವ ನೇತ್ರಾಣಿ ಗುಡ್ಡದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡುಕಟ್ಟುವುದು ಪ್ರಸಿದ್ಧ. ಕತ್ತಲೆಯ ಗುಹೆಯಲ್ಲಿ ಟಿಕ್ ಟಿಕ್ ಎಂದು ಸದ್ದುಮಾಡಿ ಅದರ ಪ್ರತಿಧ್ವನಿಯಿಂದಲೇ ದಾರಿ ಕಂಡುಕೊಳ್ಳುವ, ಜೊಲ್ಲಿನಿಂದ ಬೆಸೆದು ಗೂಡು ಕಟ್ಟುವ ಸ್ವಿಫ್ಟ್‌ಲೆಟ್ ಹಕ್ಕಿಯನ್ನು 19ನೆಯ ಶತಮಾನದಲ್ಲಿಯೇ ಪಕ್ಷಿಶಾಸ್ತ್ರಜ್ಞ ಜೆರ್ಡನ್ನನು ಹೊನ್ನಾವರದ ಎದುರಿನ ದ್ವೀಪದಲ್ಲಿ ಹೆಸರಿಸಿದ್ದಾನೆ. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಅಮಿನಿದೀವಿ ದ್ವೀಪಗಳ ದಕ್ಷಿಣಕ್ಕೆ, ಕವರತ್ತಿಯ ಸಮೀಪದಲ್ಲಿರುವ ಪಕ್ಷಿಪಿಟ್ಟಿ ಎಂಬ ಬೋಳು ಮರಳುದಿಣ್ಣೆಯಲ್ಲಿ ಕಪ್ಪುಬೆನ್ನಿನ ರೀವಗಳು, ಎಂದರೆ ಟರ್ನ್ ಹಕ್ಕಿಗಳು, ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಈ ರೀವದ ಮರಿಯು ಹಾರಲು ಕಲಿತು ಒಮ್ಮೆ ದ್ವೀಪವನ್ನು ಬಿಟ್ಟಿತೆಂದರೆ ನೆಲವನ್ನು ಮುಟ್ಟದೆ ವರ್ಷಗಳನ್ನೇ ಕಡಲ ಮೇಲೆ ಕಳೆಯುವುದುಂಟು.

ಇಷ್ಟೆಲ್ಲವನ್ನೂ ಕಂಡಮೇಲೆ, ಸ್ಥಳವು ಕಲಿಸುವ ಈ ಪಾಠಕ್ಕೆ ಸಹಸ್ರಮಾನಗಳೇ ಬೇಕೋ ಅಥವಾ ಒಂದು ಪಕ್ಷಿಯ ಆಯುಷ್ಯವೇ ಸಾಕೋ ಎಂಬ ಪ್ರಶ್ನೆ ಉಳಿಯುತ್ತದೆ. ಮಾರಿಷಸ್ಸಿನ ಕೆಸ್ಟ್ರೆಲ್ ಎಂಬ ಚಿಕ್ಕ ಡೇಗೆಯು ಈ ಪ್ರಶ್ನೆಗೆ ಒಂದು ಸೂಚನೆಯನ್ನಾದರೂ ಕೊಡುತ್ತದೆ. ಹೊರಗಿನಿಂದ ತಂದುಬಿಟ್ಟ ಕೋತಿಗಳು ಮರದ ಪೊಟರೆಗಳಿಗೆ ಕೈಹಾಕಿ ಮೊಟ್ಟೆಗಳನ್ನು ಕದಿಯುತ್ತಿದ್ದುದೂ ಸೇರಿದಂತೆ ನಾನಾ ಕಾರಣಗಳಿಂದ ಅದು ಕ್ಷೀಣಿಸಿ, 1974ರ ಹೊತ್ತಿಗೆ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿದ್ದವು. ಆಗ ಒಂದು ಜೋಡಿಯು ಪೊಟರೆಯನ್ನು ಬಿಟ್ಟು, ಕೋತಿಗಳಿಗೆ ಎಟುಕದ ಕಡಿದಾದ ಬಂಡೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು ಮರಿಗಳನ್ನು ಹಾರಿಸಿತು. ಅಲ್ಲಿ ಹುಟ್ಟಿದ ಮರಿಗಳೂ ತಾವು ಹುಟ್ಟಿದಂತಹ ತಾಣವನ್ನೇ ಅರಸಿದವೆಂದು ಸ್ಟ್ಯಾನ್ಲಿ ಟೆಂಪಲ್ಲರು ವಾದಿಸಿದರು. ಮುಂದೆ ಕಾರ್ಲ್ ಜೋನ್ಸರು ಕೈಗೊಂಡ ಪರಿಶ್ರಮದಿಂದ ಆ ಜಾತಿ ನೂರಾರು ಸಂಖ್ಯೆಗೆ ಬೆಳೆಯಿತು. ಹುಟ್ಟಿನಿಂದ ಬಂದ ಚರ್ಯೆಯೊಡನೆ ಕಲಿತು ಬಂದ ಚರ್ಯೆಯೂ ದ್ವೀಪಪಕ್ಷಿಯ ಉಳಿವಿಗೆ ಕಾರಣವಾಗಬಲ್ಲುದು. ಮೊದಲನೆಯದು ನಿಧಾನ, ಎರಡನೆಯದು ಶೀಘ್ರ.

ಆ ಶೀಘ್ರಪಾಠದ ಪ್ರತ್ಯಕ್ಷ ದೃಷ್ಟಾಂತವೇ ಕಾಶಿಯ ಕಡಲಕ್ಕಿ. ಹನುಮಾನ್ ಘಾಟಿನ ಮಗ್ಗುಲಲ್ಲಿರುವ ಕರ್ನಾಟಕ ಘಾಟಿನಿಂದಾಗಲಿ, ಕೇದಾರ ಘಾಟಿನಿಂದಾಗಲಿ, ಜನವರಿಯ ಮಂಜು ತೆಳುವಾಗುವ ಹೊತ್ತಿಗೆ ದೋಣಿಯೇರಿ ಹೊರಟರೆ, ಕಿರುದೋಣಿಯಲ್ಲಿ ಸೇವಿನ ಪೊಟ್ಟಣಗಳನ್ನು ಹರಡಿಕೊಂಡ ವ್ಯಾಪಾರಿಯು ಪಕ್ಕಕ್ಕೆ ಬಂದು ನಿಲ್ಲುವನು. ಅಂಬಿಗನು ‘ಆವೋ, ಆವೋ’ ಎಂದು ರಾಗವೆಳೆದು ಕೂಗಿದೊಡನೆ, ಅಷ್ಟು ಹೊತ್ತು ನೀರಿನ ಮೇಲೆ ಸಾಲಾಗಿ ತೇಲುತ್ತಿದ್ದ ಹಕ್ಕಿಗಳು ಒಟ್ಟಿಗೆ ಎದ್ದು, ದೋಣಿಯ ಅಂಚಿಗೆ ಬಂದು, ತೂರಿದ ಸೇವನ್ನು ಗಾಳಿಯಲ್ಲಿಯೇ ಹಿಡಿಯುತ್ತವೆ. ಧೈರ್ಯಶಾಲಿಗಳು ಬೆರಳಿನ ನಡುವಿನಿಂದಲೇ ಕಸಿಯುತ್ತವೆ. ಜನರು ಇವೆಲ್ಲವನ್ನೂ ಸೈಬೀರಿಯದ ಪಕ್ಷಿಗಳೆಂದೇ ಕರೆಯುವರಾದರೂ ಇವುಗಳಲ್ಲಿ ಎರಡು ಜಾತಿಗಳು ಬೆರೆತಿವೆ: ಬಿಳಿಚು ಕಣ್ಣಿನ, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿಯ ಬೊಟ್ಟುಳ್ಳ ಕಂದುದಲೆಯ ಕಡಲಕ್ಕಿ ಒಂದು, ಕಪ್ಪು ಕಣ್ಣಿನ ಕರಿದಲೆಯ ಕಡಲಕ್ಕಿ ಇನ್ನೊಂದು. ಚಳಿಗಾಲದಲ್ಲಿ ಎರಡರ ತಲೆಯೂ ಬೆಳ್ಳಗಾಗಿ ಕಿವಿಯ ಬಳಿ ಒಂದು ಕಪ್ಪು ಮಚ್ಚೆ ಮಾತ್ರ ಉಳಿದಿರುತ್ತದೆ. ಊರಿಗೆ ಮರಳುವ ಕಾಲ ಸಮೀಪಿಸಿದಂತೆ ಬಣ್ಣ ಮತ್ತೆ ಏರತೊಡಗುತ್ತದೆ. ಕಂದುದಲೆಯದರ ತವರು ಸೈಬೀರಿಯವಲ್ಲ. ಟಿಬೆಟ್ಟು ಮೊದಲಾದ ಮಧ್ಯ ಏಷ್ಯದ ಎತ್ತರದ ಪ್ರಸ್ಥಭೂಮಿಯ ಸರೋವರಗಳು. ಅಲ್ಲಿ ಅದು ಗುಂಪುಕಟ್ಟಿ ಮೊಟ್ಟೆಯಿಡುವ ತಾಣಗಳಲ್ಲಿ ಆ ಸರೋವರಗಳ ನಡುಗಡ್ಡೆಗಳೂ ಸೇರಿವೆ.

ಇದೇ ಕರಿದಲೆಯ ಹಕ್ಕಿಯನ್ನು ಅದರ ಗೂಡಿನಲ್ಲಿ ಕಂಡವರ ವರ್ಣನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1973ರ ನೊಬೆಲ್ ಪುರಸ್ಕಾರದಲ್ಲಿ ಪಾಲುಗೊಂಡ ನಿಕೊ ಟಿನ್‌ಬರ್ಗನ್ನರು ಇಂಗ್ಲೆಂಡಿನ ಕಡಲತಡಿಯಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ, ಮರಿಯೊಡೆದ ಬಳಿಕ ತಾಯಿತಂದೆಗಳು ಚಿಪ್ಪಿನ ಚೂರನ್ನು ಗೂಡಿನಿಂದ ದೂರ ಒಯ್ದು ಎಸೆಯುತ್ತವೆ. ಏಕೆಂದರೆ ಚಿಪ್ಪಿನ ಬಿಳಿಯ ಒಳಮೈ ಕಾಗೆಗಳನ್ನು ಕರೆದುಬಿಡುತ್ತದೆ. ಆದರೆ ಮರಿಯ ಮೈ ಒಣಗುವವರೆಗೆ ಅವು ಗೂಡು ಬಿಟ್ಟು ಕದಲುವುದಿಲ್ಲ; ಒದ್ದೆಮರಿಯನ್ನು ನೆರೆಯ ಗೂಡಿನ ಸ್ವಜಾತಿಯೇ ನುಂಗಿಬಿಡುವ ಭಯವುಂಟು. ತನ್ನ ನೆರೆಯವನನ್ನೂ ನಂಬದ ಈ ಶಂಕಾಶೀಲ ಪಕ್ಷಿಯೇ ಕಾಶಿಯಲ್ಲಿ ಅಪರಿಚಿತ ಯಾತ್ರಿಕನ ಬೆರಳಿನಿಂದ ತುತ್ತು ಕಸಿಯುತ್ತದೆ. ಗೂಡಿನ ಹೊಣೆಯಿಲ್ಲದ ಚಳಿಗಾಲ, ಕಲ್ಲೆಸೆಯುವುದಕ್ಕಿಂತ ಕಾಳೆಸೆಯುವುದನ್ನು ಪುಣ್ಯವೆಂದು ನಂಬಿದ ಕ್ಷೇತ್ರ, ದಿನನಿತ್ಯ ಅದೇ ಸಮಯಕ್ಕೆ ಬರುವ ದೋಣಿಗಳು: ಇವು ಮೂರೂ ಕೂಡಿ ಭಯದ ಆಯವ್ಯಯವನ್ನು ತಿರುವುಮುರುವು ಮಾಡಿವೆ. ಗ್ಯಾಲಪಗೋಸಿನ ಗಿಡುಗದ ನಿರ್ಭೀತಿ ಶತ್ರುವನ್ನೇ ಅರಿಯದ ವಂಶದ ಉತ್ತರಾಧಿಕಾರ. ಕಾಶಿಯ ಕಡಲಕ್ಕಿಯದು ಶತ್ರುಗಳನ್ನು ಚೆನ್ನಾಗಿ ಅರಿತೂ ಇಲ್ಲಿ ಅವರಿಲ್ಲವೆಂದು ಮಾಡಿಕೊಂಡ ನಿರ್ಣಯ.

ನಮ್ಮ ನಾಡಿನ ಕೊಕ್ಕರೆಬೆಳ್ಳೂರನ್ನೂ ಇಲ್ಲಿ ನೆನೆಯಬೇಕು. ಮದ್ದೂರು ತಾಲ್ಲೂಕಿನ ಆ ಹಳ್ಳಿಯ ಮನೆಗಳ ನಡುವಣ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟುವುದನ್ನು 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಹೊರಜಗತ್ತಿಗೆ ತಿಳಿಸಿದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಆ ಪಕ್ಷಿಗಳನ್ನು ಗ್ರಾಮಸ್ಥರು ಭಾವಿಸುವರು. ಅಲ್ಲಿ ಪಕ್ಷಿಗೆ ದೊರೆಯುವುದು ತುತ್ತಲ್ಲ, ತಂಟೆಯಿಲ್ಲದ ತಾಣ. ಹೊಟ್ಟೆಯ ಪಾಡನ್ನು ಅವು ಕೆರೆಹೊಳೆಗಳಲ್ಲಿ ತಾವೇ ನೋಡಿಕೊಳ್ಳುತ್ತವೆ. ಕಾಶಿಯ ಔದಾರ್ಯಕ್ಕೂ ಬೆಳ್ಳೂರಿನ ಔದಾರ್ಯಕ್ಕೂ ಇರುವ ಭೇದ ಇಷ್ಟರಲ್ಲಿಯೇ ಅಡಗಿದೆ.

ಗಂಗಾ ಯಮುನಾ ಚಂಬಲ್ ನದಿಗಳ ಮರಳು ನಡುಗಡ್ಡೆಗಳಲ್ಲಿ ಇಂತಹ ತಾಣವನ್ನೇ ಅರಸುವ ಬಳಗವೊಂದುಂಟು: ಹಿಂದಿಯಲ್ಲಿ ಪನ್‌ಚೀರಾ ಎನಿಸಿಕೊಂಡ, ಕೆಳಗೊಕ್ಕು ಮೇಲುಗೊಕ್ಕಿಗಿಂತ ಉದ್ದವಾದ ಸ್ಕಿಮ್ಮರ್ ಹಕ್ಕಿ, ನದಿ ರೀವ, ಟಿಟ್ಟಿಭ ಮೊದಲಾದವು. ಸ್ಕಿಮ್ಮರ್ ಹಾರುತ್ತ ಹಾರುತ್ತ ಕೆಳಗೊಕ್ಕಿನಿಂದ ನೀರಿನ ಮೇಲ್ಮೈಯನ್ನು ಸೀಳಿ ಮೀನು ಹಿಡಿಯುತ್ತದೆ. ಬರಿಯ ಮರಳಿನ ಕುಳಿಯಲ್ಲಿ ಮೊಟ್ಟೆಯಿಡುವುದರಿಂದ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಅವುಗಳಿಗೆ ಬೇಕಾದುದು ಕಾವಿಗಿಂತ ಹೆಚ್ಚಾಗಿ ತಂಪು. ತಾಯಿಹಕ್ಕಿ ಹೊಳೆಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಸಾಗರದ್ವೀಪದ ಯಾವ ವಿಲಕ್ಷಣಚರ್ಯೆಗೂ ಇದು ಕಡಿಮೆಯಾದುದಲ್ಲ. ಆದರೆ ನೀರು ಇಳಿದು ನಡುಗಡ್ಡೆ ದಡಕ್ಕೆ ಸೇರಿಕೊಂಡಿತೆಂದರೆ ನಾಯಿಗಳೂ ದನಗಳೂ ನುಗ್ಗಿ ಆ ಗೂಡುಗಳು ಒಂದೇ ರಾತ್ರಿಯಲ್ಲಿ ಹಾಳಾಗುತ್ತವೆ. ಕಾಶಿಯ ಎದುರಿನ ಮರಳಿಗೆ ಒಂದು ಕಾಲದಲ್ಲಿ ಸ್ವಲ್ಪ ರಕ್ಷಣೆಯಿತ್ತು. ರಾಮನಗರದ ಕೋಟೆಯಿಂದ ಮಾಳವೀಯ ಸೇತುವೆಯವರೆಗೆ ಸುಮಾರು 7 ಕಿಲೋಮೀಟರು ನದಿಯನ್ನು 1989ರಲ್ಲಿ ಆಮೆಗಳ ಅಭಯಾರಣ್ಯವೆಂದು ಘೋಷಿಸಲಾಗಿತ್ತು. 2020ರಲ್ಲಿ ಆ ಘೋಷಣೆಯು ರದ್ದಾಯಿತು. 2023ರಲ್ಲಿ ಅದೇ ಮರಳಿನ ಮೇಲೆ ಪ್ರವಾಸಿಗಳಿಗೆಂದು ಗುಡಾರಗಳ ನಗರವೊಂದು ಎದ್ದಿತು.

ದ್ವೀಪಪಕ್ಷಿಗಳ ಚರಿತ್ರೆಯಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಇಲ್ಲಿಯೇ ಪ್ರಯೋಜನಕ್ಕೆ ಬರುತ್ತದೆ. ಸ್ಥಳಕ್ಕೆ ತಕ್ಕುದಾದ ಚರ್ಯೆಯು ಸ್ಥಳವು ಬದಲಾಗದಿರುವವರೆಗೆ ಮಾತ್ರ ಹಿತಕರ. ಗುವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ಸುಮಾರಿನಲ್ಲಿ ಹಡಗಿನ ಸರಕಿನೊಡನೆ ಬಂದಿಳಿದ ಕಂದು ಮರಹಾವು, ಹಾವಿನ ಭಯವನ್ನರಿಯದ ಅಲ್ಲಿಯ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ಕೆಲವೇ ದಶಕಗಳಲ್ಲಿ ಇಲ್ಲವಾಗಿಸಿತು. ಡೋಡೋವಿನ ಕಥೆಯೂ ಅದೇ. ಕಾಶಿಯ ಕಡಲಕ್ಕಿ ಕಲಿತುಬಂದ ನಂಬಿಕೆಯುಳ್ಳುದಾದುದರಿಂದ ಅದನ್ನು ಮರೆಯುವ ಶಕ್ತಿಯೂ ಅದಕ್ಕುಂಟು. ಆದರೆ ಮೀನು ಹುಳುಗಳನ್ನು ತಿಂದು ಹಿಮಾಲಯವನ್ನು ದಾಟುವ ಪ್ರಯಾಣಕ್ಕೆ ಮೈಯನ್ನು ಸಿದ್ಧಪಡಿಸಿಕೊಳ್ಳಬೇಕಾದ ಹಕ್ಕಿಗೆ ಎಣ್ಣೆಯಲ್ಲಿ ಕರಿದ ಉಪ್ಪಿನ ಹಿಟ್ಟು ತಕ್ಕ ಆಹಾರವಲ್ಲ, ಒಂದೆಡೆ ಕಿಕ್ಕಿರಿದು ಉಣ್ಣುವುದು ಕ್ಷೇಮವೂ ಅಲ್ಲ. 2005ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರವು ಹಬ್ಬಿ ಸಾವಿರಾರು ಪಕ್ಷಿಗಳು ಸತ್ತಾಗ, ಅವುಗಳಲ್ಲಿ ಕಂದುದಲೆಯ ಕಡಲಕ್ಕಿಗಳೂ ಇದ್ದುವೆಂಬುದನ್ನು ಮರೆಯಲಾಗದು.

ಪಕ್ಷಿಯು ನಮ್ಮನ್ನು ಕಂಡು ಅಂಜದಿದ್ದರೆ ಅದನ್ನು ನಮ್ಮ ಸಾಧುತ್ವಕ್ಕೆ ದೊರೆತ ಪ್ರಶಸ್ತಿಯೆಂದು ಭಾವಿಸುವುದು ಮನುಷ್ಯಸಹಜವಾದ ಭ್ರಮೆ. ಅಂತಹ ವಿಶ್ವಾಸವು ವಾಸ್ತವವಾಗಿ ನಮ್ಮ ಮೇಲೆ ಬಿದ್ದಿರುವ ಋಣ. ಡೋಡೋವನ್ನು ಹಿಡಿದವರು ಆ ಋಣವನ್ನು ತೀರಿಸಲಿಲ್ಲ, ಬೆಳ್ಳೂರಿನವರು ತೀರಿಸುತ್ತಿದ್ದಾರೆ. ಕಾಶಿಯ ಯಾತ್ರಿಕನಿಗೂ ನಗರಪಾಲಿಕೆಗೂ ಅದನ್ನು ತೀರಿಸುವ ದಾರಿ ಕಠಿಣವೇನಲ್ಲ: ಸೇವಿನ ಪೊಟ್ಟಣವಿಲ್ಲದೆ ದೋಣಿಯೇರುವುದು ಒಂದು, ಫೆಬ್ರವರಿಯಿಂದ ಮಳೆಗಾಲದವರೆಗೆ ಎದುರುದಡದ ಮರಳಿನ ಒಂದು ಭಾಗವನ್ನಾದರೂ ಜನ, ನಾಯಿ, ಗುಡಾರಗಳಿಲ್ಲದೆ ಬಿಟ್ಟುಕೊಡುವುದು ಮತ್ತೊಂದು. ದಾನಕ್ಕೆ ಹೆಸರಾದ ಕ್ಷೇತ್ರದಲ್ಲಿ ಪಕ್ಷಿಗೆ ಕೊಡಬಹುದಾದ ಶ್ರೇಷ್ಠ ದಾನ ಸ್ಥಳದಾನವೇ ಎಂಬುದು ಈ ಸಮೀಕ್ಷೆಯಿಂದ ಹೊರಡುವ ತಾತ್ಪರ್ಯ.